ತೂಕದ ಚೀಟಿ

ಚೀಸ್ ಕಾರ್ಖಾನೆಗೆ ಭಾನುವಾರ ರಜೆಯಿಲ್ಲ,
ಹಸುಗಳಿಗೆ ಕ್ಯಾಲೆಂಡರ್ ಓದಲು ಬಾರದು.
ಹುಲ್ಲಿನ ಲಾರಿ ತೂಗುವ ಕಬ್ಬಿಣದ ಹಾಸಿನ ಮೇಲೆ
ಏಳು ಗಂಟೆಗೇ ಬಂದು ಕೂತಿತ್ತು
ನನ್ನ ಸೊಂಟಕ್ಕೂ ಬಾರದ ಕಾರು,
ಮೋದೆನಾದಿಂದ ಬೆಟ್ಟ ಹತ್ತಿ, ಮೂತಿಗೆಲ್ಲ ಹುಳು ಮೆತ್ತಿಕೊಂಡು.

"ತೂಗಮ್ಮಾ" ಅಂದ ನೇವಿಯೊ.
"ಸಾವಿರದಿನ್ನೂರ ನಲವತ್ತು ಅಂತ ಪುಸ್ತಕ ಹೇಳುತ್ತೆ.
ಪುಸ್ತಕ ಬರೆದವರೋ, ಮದುವೆ ದಲ್ಲಾಳಿಗಳು."
ಮುಂಗಡ ಕೊಟ್ಟಾಗಿದೆ, ಹೂಂ ಉಹೂಂ ಹೇಳಲು
ನಾಳೆ ಗಡುವು.

ಹತ್ತರ ಮಗ್ಗಿ ಬಿಟ್ಟು ಬೇರೆ ಬಾರದು ನನ್ನ ತಕ್ಕಡಿಗೆ.
ಕೆಂಪು ಅಂಕಿ ತಡವರಿಸಿ ನಿಂತಿತು:
ಸಾವಿರದ ಮುನ್ನೂರ ಹತ್ತು.

"ಟ್ಯಾಂಕು ತುಂಬಿದೆಯಲ್ಲ" ಅಂದ ಶೋರೂಮಿನ ಹುಡುಗ ಸಮುವೆಲೆ,
ಹೊಸ ಬೂಟು ಹಾಲೊಡೆದ ನೀರಿನಲ್ಲಿ.
"ಚೆಲ್ಲಿ ತಳ್ಳಿಕೊಂಡು ಹೋಗಲೇನು?"

ವಾಂಡ ಒಂದು ಕಾಲಕ್ಕೆ ಬೆಟ್ಟದ ರೇಸು ಗೆದ್ದವಳು,
ಈಗ ಸೊಂಟದಲ್ಲಿ ಉಕ್ಕಿನ ಕೀಲು.
ಒಳಗೆ ಇಳಿದಳು. ಬಹಳ ಹೊತ್ತು ಮಾತಿಲ್ಲ.
"ಗೇರಿನ ಕಡ್ಡಿ ಇದೆ, ಪುಣ್ಯ.
ಟಿವಿ ಯಾಕೆ ಇಟ್ಟಿದ್ದಾರೆ, ಗೊತ್ತಿಲ್ಲ.
ಎಂಜಿನ್ನು ಬೆನ್ನಿಗಾತು ಕೂತಿದೆ ನೇವಿಯೊ, ನೆನಪಿಡು,
ತಿರುವಿನಲ್ಲಿ ಕ್ಷಮಿಸುತ್ತೆ, ಕ್ಷಮಿಸುತ್ತೆ, ಕ್ಷಮಿಸುತ್ತೆ,
ಆಮೇಲೊಮ್ಮೆ ಕ್ಷಮಿಸಲ್ಲ."
ಹೊರಗೆಳೆಯಲು ಇಬ್ಬರು ಬೇಕಾದರು.

"ಟರ್ಬೊ ಇದ್ದಿದ್ದರೆ ಇನ್ನೂ ನೂರು ಕುದುರೆ"
ಎಂದು ಹುಡುಗ ನಿಟ್ಟುಸಿರಿಟ್ಟ, ಮಾರಲು ಬಂದವನೇ.
ಎರ್ಮೆಸ್ ಅವನ ತುಟಿ ಓದಿದ.
ಐವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತು
ಎರಡೂ ಕಿವಿ ಅವಕ್ಕೇ ಬಿಟ್ಟುಕೊಟ್ಟ ಮೆಕ್ಯಾನಿಕ್.
"ತಿದಿ ಒತ್ತಿದರೆ ಬೂದಿಯೂ ಕೆಂಡ ಅಂತ ಬೀಗುತ್ತೆ, ಮರೀ.
ಚಾಲೂ ಮಾಡು."

ಹಿಂದಿನ ಮುಚ್ಚಳದ ಮೇಲೆ ಅಂಗೈ ಊರಿದ,
ಕರು ಒದೆಯುತ್ತಿದೆಯಾ ಅಂತ ನೋಡುವ ಹಾಗೆ.
ಹುಡುಗ ಪೆಡಲು ಒತ್ತಿದ: ಮೂರು ಸಾವಿರ, ಐದು,
ಒತ್ತಿದಷ್ಟೇ, ಒತ್ತಿದಾಗಲೇ,
ನಡುವೆ ದಲ್ಲಾಳಿ ಯಾರೂ ಇಲ್ಲ.
ಎಂಟು ಸಾವಿರಕ್ಕೆ ಅಂಗಳದ ಪಾರಿವಾಳಗಳು ಖಾಲಿ.
ಎರ್ಮೆಸ್ ಕಣ್ಣು ಮುಚ್ಚಿದ್ದ.

ಕಾಲು ತೆಗೆದ ಮೇಲೆ, ಸುಮ್ಮನೆ ಉರಿಯುವಾಗ,
ನಾನು ಅಂಕಿ ನೋಡಿದೆ.
ಮುನ್ನೂರ ಹತ್ತು. ಮುನ್ನೂರ ಇಪ್ಪತ್ತು. ಮುನ್ನೂರ ಹತ್ತು.
ಹದಿನೇಳು ವರ್ಷದಲ್ಲಿ ಹೀಗಾದದ್ದು ಒಂದೇ ಸಲ,
ಲಾರಿಯಲ್ಲಿ ಜೀವಂತ ಹಂದಿ ತಂದಿದ್ದಾಗ.

"ಎಷ್ಟು ಬರೆಯಲಿ?" ಎಂದು ಕಿಂಡಿಯಿಂದ ಕೂಗಿದೆ.
ನೇವಿಯೊ ಎರ್ಮೆಸ್‌ನ ಮುಖ ನೋಡಿದ,
ಎರ್ಮೆಸ್ ತನ್ನ ಅಂಗೈ ನೋಡಿಕೊಂಡ,
ವಾಂಡ ಸಿಗರೇಟು ಹುಡುಕುತ್ತಿದ್ದಳು.
ಅಷ್ಟರಲ್ಲಿ ಗೇಟಿನಲ್ಲಿ ಹುಲ್ಲಿನ ಲಾರಿ, ಹಾರ್ನು,
ತಾಯಿ ತಂಗಿಯರನ್ನೆಲ್ಲ ನೆನೆಯುವ ಡ್ರೈವರು.

ಜಾಗ ಬಿಟ್ಟರು.
ಚೀಟಿ ನನ್ನ ಕೈಯಲ್ಲೇ ಉಳಿಯಿತು,
ಸರಕು ಎಂಬ ಕಡೆ ಏನೂ ಬರೆದಿರಲಿಲ್ಲ.