ಚೀಟಿ ನಂಬರ್ ನೂರಾ ಹದಿನಾಲ್ಕು

ಉಡುಪಿ ಸರ್ವಿಸ್ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ
ಲಾರಿಯ ಟಾರ್ಪಾಲು, ರಿಕ್ಷಾದ ಹುಡ್ಡು, ಬೋಟಿನ ಹೊದಿಕೆ,
ಮದುವೆ ಶಾಮಿಯಾನದ ಹರಿದ ಅಂಚು.
ಹತ್ತೊಂಬತ್ತು ವರ್ಷದಿಂದ ಹೊಲಿಯುತ್ತಿದ್ದೇನೆ
ಊರಿನ ನೆರಳುಗಳನ್ನು.
ಒಂದರ ಕೆಳಗೂ ಮಲಗಿದವಳಲ್ಲ.

ಮೇ ತಿಂಗಳಲ್ಲಿ ಹುಡುಗನೊಬ್ಬ ಟೆಂಟು ತಂದುಕೊಟ್ಟ.
ಮಡಚಿದರೆ ಗುಜ್ಜೆಯಷ್ಟು ಗಂಟು,
ಬಾಗಿಲ ಪಕ್ಕ ಮೊಳದುದ್ದ ಹರಿದಿತ್ತು.
"ಸೋಮವಾರ ಬರ್ತೇನೆ" ಎಂದ.
ಎಷ್ಟು ಸೋಮವಾರ!
ಫೋನು ಮಾಡಿದರೆ ಹೆಂಗಸೊಬ್ಬಳು ಮೂರು ಭಾಷೆಯಲ್ಲಿ
ಈ ನಂಬರ್ ಚಾಲ್ತಿಯಲ್ಲಿಲ್ಲ ಎನ್ನುತ್ತಾಳೆ.

ಡಿಸೆಂಬರಿನ ಒಂದು ಶನಿವಾರ
ಕಾಜಾ ಹೊಲಿಯುವ ಗುಲಾಬಿಯಕ್ಕ
ಅದರ ಧೂಳು ಕೊಡವುತ್ತ ಹೇಳಿದಳು:
"ಗಿರಾಕಿಗೆ ಕೊಡುವ ಮುಂಚೆ
ಹೊಲಿಗೆ ನಿಲ್ಲುತ್ತದೋ ಇಲ್ಲವೋ ನೋಡಬೇಡವಾ?"
ನೆಪಕ್ಕೆ ಅಷ್ಟು ಸಾಕಿತ್ತು.

ಬೈಂದೂರಿನಲ್ಲಿ ಇಳಿದು,
ಮರಳು ಮುಗಿಯುವಲ್ಲಿ ಚಪ್ಪಲಿ ಕೈಗೆತ್ತಿಕೊಂಡು
ಬಡಗು ದಿಕ್ಕಿಗೆ ನಡೆದೆವು.
ಅಲ್ಲಿ ಕಡಲಿಗೆ ನಮ್ಮ ಮಲ್ಪೆಯ ಮರ್ಯಾದೆ ಇಲ್ಲ.
ಕಪ್ಪು ಪಾದೆಗಳ ಸಂದಿಗೆ ನುಗ್ಗಿ,
ಸಿಕ್ಕಿಬಿದ್ದು, ಬೈದು, ಹಿಂದೆ ಸರಿಯುತ್ತದೆ.
ಗುಲಾಬಿಯಕ್ಕ ಸೀರೆ ಎತ್ತಿ ಕಟ್ಟಿ
ಏಡಿಯ ಹಾಗೆ ಅಡ್ಡಡ್ಡ ಹತ್ತಿದಳು.
ಅವಳ ತಲೆಯ ಮೇಲೆ ಮನೆ.
ನನ್ನ ಚೀಲದಲ್ಲಿ ಅವಲಕ್ಕಿ, ಬೆಲ್ಲ,
ಎರಡು ಬಾಟಲಿ ನೀರು, ಒಂದು ಮೇಣದ ಬತ್ತಿ,
ಸೂಜಿ, ನೈಲಾನ್ ದಾರ.
ದಾರ ಇಲ್ಲದೆ ನಾನು ಎಲ್ಲಿಗೂ ಹೋಗುವುದಿಲ್ಲ.

ಪಾದೆ ಮುಗಿದಲ್ಲಿ ಒಂದು ತುಂಡು ಮರಳು.
ಇಲ್ಲೇ ಎಂದೆವು.
ಟೆಂಟು ಅರ್ಧ ಎದ್ದಿತ್ತಷ್ಟೇ,
ಮೇಲಿನಿಂದ ಟಾರ್ಚು, ಹಿಂದೆ ಒಬ್ಬ ಮುದುಕ,
ಹೆಗಲ ಮೇಲೆ ಬೀಸುಬಲೆ.
"ಹ್ವಾಯ್, ಅಲ್ಲ್ ಮನಿಕಂಬುಕಾಗ, ನೀರ್ ಬತ್ತ್!"
ಎಷ್ಟು ಹೊತ್ತಿಗೆ ಎಂದು ಕೇಳಿದೆ.
ನಕ್ಕ. ಕಡಲಿಗೆ ವಾಚು ಕಟ್ಟಿದವರ ಹಾಗೆ ಕೇಳಿದೆನಲ್ಲ.
ತಾನೇ ಗಂಟು ಎತ್ತಿ ಮೇಲೆ ತಂದುಕೊಟ್ಟ,
ಯಾರು, ಎಲ್ಲಿಯವರು,
ಜೊತೆಗೆ ಗಂಡಸರಿಲ್ಲವಾ,
ಒಂದೂ ಕೇಳದೆ ಹೋದ.
ಅದೇ ಒಂದು ಆಶ್ಚರ್ಯ.

ಮುರಕಲ್ಲಿಗೆ ಗೂಟ ಇಳಿಯಲಿಲ್ಲ.
ನಾಲ್ಕು ಮೂಲೆಗೆ ನಾಲ್ಕು ಕಲ್ಲು ಕಟ್ಟಿ
ಒಳಗೆ ತೂರಿಕೊಂಡೆವು.
"ಇದಕ್ಕೆ ಚಿಲಕ ಇಲ್ಲವಲ್ಲ" ಎಂದೆ.
ಕತ್ತಲಲ್ಲಿ ಬೆಲ್ಲ ಕಚ್ಚುತ್ತಿದ್ದ ಗುಲಾಬಿಯಕ್ಕ
ಸುಮ್ಮನೆ ಹೇಳಿದಳು:
"ನನಗೆ ಹೆದರಿಕೆಯಾದದ್ದೆಲ್ಲ
ಚಿಲಕ ಹಾಕಿದ ಮೇಲೆಯೇ."
ಮುಂದೆ ಹೇಳಲಿಲ್ಲ.
ನಾನು ಬತ್ತಿ ಹಚ್ಚಲಿಲ್ಲ.

ನಡುರಾತ್ರಿ ಗಾಳಿ ಎದ್ದಿತು.
ಬಟ್ಟೆ ಉಬ್ಬಿತು, ತಗ್ಗಿತು,
ದೊಡ್ಡ ಪ್ರಾಣಿಯೊಂದರ ಶ್ವಾಸಕೋಶದಲ್ಲಿ ನಾವು.
ಎಲ್ಲ ಹೊಲಿಗೆಯೂ ಕಂಪನಿಯದು,
ಒಂದೇ ಒಂದು ನನ್ನದು,
ಅದು ಬೇರೆ ದನಿಯಲ್ಲಿ ಕಿರುಗುಟ್ಟುತ್ತಿತ್ತು.
ಬೆರಳಿಟ್ಟೆ. ಎರಡೆಳೆ, ಒತ್ತು ಹೊಲಿಗೆ,
ಅಂದು ಕರೆಂಟು ಹೋದದ್ದರಿಂದ
ಕೊನೆಯ ಗೇಣು ಕೈಯಲ್ಲೇ ಹೊಲಿದದ್ದು.
ಎಂದೂ ಕೇಳಿರಲಿಲ್ಲ,
ಕೊಟ್ಟು ಕಳಿಸಿದ ಕೆಲಸ ಗಾಳಿಯಲ್ಲಿ
ಹೀಗೆ ಒಬ್ಬಂಟಿ ದುಡಿಯುವುದನ್ನು.
ಎಲ್ಲೆಲ್ಲಿ ಅಂಥವು ಇವೆಯೋ ಈಗ,
ಯಾವ ಘಾಟಿಯ ಲಾರಿಯ ಮೇಲೆ,
ಯಾವ ಬೋಟಿನ ಬೆನ್ನ ಮೇಲೆ.
ದೂರದ ದೀಪಗಳನ್ನು ಎಣಿಸಲು ಹೋಗಿ
ಹನ್ನೊಂದಕ್ಕೆ ನಿದ್ದೆ.

ಬೆಳಿಗ್ಗೆ ಕೆಳಗಿನ ಮರಳು ಇರಲಿಲ್ಲ.
ನೀರು ಬಂದು, ಉಳಿದು,
ನಾವು ಮೊದಲು ಹಾಸಿದ್ದಲ್ಲೇ ಮಲಗಿತ್ತು.
ಗುಲಾಬಿಯಕ್ಕ ಹಲ್ಲುಜ್ಜುತ್ತ ಅದನ್ನೇ ನೋಡಿದಳು,
ಬಾಡಿಗೆ ಮನೆಗೆ ಬೇರೆಯವರು ಬಂದಂತೆ.
ಟೆಂಟಿನ ಪುಟ್ಟ ಜೇಬಿನಲ್ಲಿ
ಒಂದು ಬೀಗದ ಕೈ ಸಿಕ್ಕಿತು.
ಯಾವ ಬಾಗಿಲಿನದೋ.
ಇದ್ದಲ್ಲೇ ಇಟ್ಟೆ.

ಈಗ ಅದು ಮತ್ತೆ ಅದೇ ಮೊಳೆಗೆ ತೂಗುತ್ತಿದೆ,
ಚೀಟಿ ನಂಬರ್ ನೂರಾ ಹದಿನಾಲ್ಕು,
ಬಾಕಿ ನೂರಾ ಎಂಬತ್ತು ರೂಪಾಯಿ.
ಎಷ್ಟು ಕೊಡವಿದರೂ ಹೊಲಿಗೆಯ ಮಡಿಕೆಯಲ್ಲಿ
ಚಿಟಿಕೆಯಷ್ಟು ಮರಳು ಉಳಿದಿದೆ.
ಬಂದರೆ, ಬಿಚ್ಚಿದರೆ,
ತನ್ನದೇ ಮರಳು ಎಂದುಕೊಂಡಾನು.