ಷರಾ

ಮೊಟ್ಟೆ, ಬೆಲ್ಲ, ಹೆಸರುಕಾಳಿನ ಚೀಲದ ಜೊತೆಗೇ
ಆಟೋದಲ್ಲಿ ಬಂತು ಒಂದು ರಟ್ಟಿನ ಡಬ್ಬ.
ಮಕ್ಕಳ ಚಿತ್ರಪುಸ್ತಕ, ಹನ್ನೆರಡು, ಸಹಿ ಹಾಕಿ ಅಂದ.
ಹಾಕಿದೆ. ದಾಸ್ತಾನಿನಲ್ಲಿ ಬರೆದೆ,
ತೂಕದ ಯಂತ್ರದ ಕೆಳಗಿನ ಸಾಲಿನಲ್ಲಿ.
ಸ್ಥಿತಿ: ಹೊಸದು.
ಷರಾ: ಖಾಲಿ ಬಿಟ್ಟೆ.

ಬೀರುವಿನಲ್ಲಿಟ್ಟು ಬೀಗ ಹಾಕಿದೆ.
ಬಯ್ಯಬೇಡಿ. ಹೋದ ವರ್ಷ
ಮರದ ಬಂಡಿಯ ಒಂದು ಚಕ್ರ ಕಳೆದದ್ದಕ್ಕೆ
ಮೇಲ್ವಿಚಾರಕಿ ಮೂರು ಪುಟ ವಿವರಣೆ ಬರೆಸಿದ್ದರು.
ಚಕ್ರ ಆಮೇಲೆ ಅವಲಕ್ಕಿ ಡಬ್ಬದಲ್ಲಿ ಸಿಕ್ಕಿತು.
ವಿವರಣೆ ವಾಪಸು ಬರಲಿಲ್ಲ.

ಇದು ಭದ್ರಾವತಿಯ ಕಾಗದನಗರ.
ಹೆಸರಲ್ಲಿ ಮಾತ್ರ ಈಗ ಕಾಗದ.
ಚಿಮಣಿಯ ತುದಿಯಲ್ಲಿ ಹದ್ದು ಮರಿ ಮಾಡಿದೆ,
ಕ್ವಾರ್ಟರ್ಸಿನ ಅರ್ಧ ಬಾಗಿಲಿಗೆ ಲಂಟಾನ ಅಗುಳಿ ಹಾಕಿದೆ.
ನಮ್ಮ ಸಹಾಯಕಿ ಸೆಲ್ವಿಯಕ್ಕನ ಗಂಡ ಆರುಮುಗಣ್ಣ
ಇಪ್ಪತ್ತಾರು ವರ್ಷ ಅಲ್ಲಿ ತಿರುಳು ಬೇಯಿಸಿದವನು.
ಡಬ್ಬ ಬಿಚ್ಚಿದ ದಿನ ಅವಳು ಒಂದು ಹಾಳೆಯ ಮೂಲೆ ಹಿಡಿದು
ಸೀರೆಯಂಗಡಿಯಲ್ಲಿ ಸೆರಗು ನೋಡುವ ಹಾಗೆ
ಹೆಬ್ಬೆರಳಲ್ಲಿ ಉಜ್ಜಿದಳು. ಮೂಸಿದಳು.
"ನಮ್ಮದಲ್ಲ ಟೀಚರ್. ಬಿದಿರಿನ ವಾಸನೆಯಿಲ್ಲ."
ಒಂದು ಗಳಿಗೆ ಬಿಟ್ಟು, "ಆದರೂ ಒಳ್ಳೆ ಕಾಗದ."

ಸೋಮವಾರ ಶಿವಮೊಗ್ಗದಲ್ಲಿ ಮೀಟಿಂಗು.
ಬೇಗ ಮುಗಿಯಿತು, ಬೇಗ ಬಂದೆ.
ಅಂಗನವಾಡಿಯಲ್ಲಿ ಸದ್ದಿಲ್ಲ.
ಹದಿನೇಳು ಮಕ್ಕಳು ಸುಮ್ಮನಿದ್ದಾರೆ ಅಂದರೆ
ಏನೋ ಅನಾಹುತ ಆಗಿರಬೇಕು.
ಕಿಟಕಿಯಲ್ಲಿ ಬಗ್ಗಿದೆ.
ಬೀರು ಹಾರುಹೊಡೆದಿದೆ. ಮೊರ ಪಕ್ಕಕ್ಕೆ,
ಸೆಲ್ವಿಯಕ್ಕನ ಮಡಿಲಲ್ಲಿ ಪುಸ್ತಕ.

ಆ ಪುಸ್ತಕದಲ್ಲಿರುವುದು ಇಷ್ಟೇ:
ಆನೆ ಬಸ್ ಹತ್ತಲು ಹೋಗುತ್ತದೆ, ಬಾಗಿಲು ಸಾಲದು.
ಪುಟಕ್ಕೆ ಎರಡು ಸಾಲು, ದಪ್ಪಕ್ಷರ.
ಸೆಲ್ವಿಯಕ್ಕನಿಗೆ ಕನ್ನಡದ ಅಕ್ಷರ ಬಾರದು.
ಅವಳ ಆನೆ ಸಕ್ರೆಬೈಲಿನಿಂದ ಹೊರಟದ್ದು.
ಮಾವುತನಿಗೆ ಜ್ವರ, ಗಾಜನೂರಲ್ಲಿ ಮಾತ್ರೆ ಸಿಗಲಿಲ್ಲ,
ಅದಕ್ಕೇ ಬಸ್ಸಿಗೆ ಸೊಂಡಿಲು ಅಡ್ಡ ಹಿಡಿದಿದೆ.
ಕಂಡಕ್ಟರು ಕೇಳಿದ: ಹೆಣ್ಣಾನೆಯಾದರೆ ಟಿಕೆಟ್ ಬೇಡ,
ಆಧಾರ್ ಎಲ್ಲಿ?
"ಯಾನೈಗೆ ಆಧಾರ್ ಇಲ್ಲ," ಜೆರೋಮ್ ಕಿರುಚಿದ.
"ಹಾಥಿಯ ಅಮ್ಮಿ ಎಲ್ಲಿ?" ಮೆಹಕ್‌ಗೆ ಅದೇ ಚಿಂತೆ.
ಊಟದ ಹೊತ್ತಿಗೆ ಬಿಟ್ಟರೆ ಬಾಯಿ ಬಿಡದ ರುಕ್ಲಿ
ತೆವಳಿ ಮುಂದೆ ಬಂದು, ಟೈರಿನ ಕೆಳಗೆ ಬೆರಳಿಟ್ಟಳು:
"ಕೀಡಿ."
ಒಂದು ಇರುವೆ. ಸಾಸಿವೆಯಷ್ಟು. ಕೊಡೆ ಹಿಡಿದಿದೆ.
ಪುಟ ಹಿಂದೆ ತಿರುಗಿಸಿದರು. ಅಲ್ಲೂ ಇತ್ತು.
ಅದರ ಹಿಂದೆಯೂ.
ನಾನು ಅಷ್ಟೂ ಅಕ್ಷರ ಓದಿದ್ದೆ, ಇರುವೆ ಕಂಡಿರಲಿಲ್ಲ.

ಮರುದಿನ ನಾನೇ ಓದಿದೆ, ಸ್ಪಷ್ಟವಾಗಿ,
ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಸ್ವರ ಏರಿಸಿ ಇಳಿಸಿ.
ಮೂರನೇ ಪುಟಕ್ಕೆ ಜೆರೋಮ್ ಎದ್ದು ನಿಂತ.
"ಸುಳ್ಳು ಓದಬೇಡಿ ಟೀಚರ್. ಜ್ವರ ಎಲ್ಲಿ?"
ಹುಡುಕುವವಳಂತೆ ಅಕ್ಷರಗಳ ಮೇಲೆ ಕಣ್ಣಾಡಿಸಿದೆ.
ಆಮೇಲೆ ಅಡುಗೆಮನೆಯ ಕಡೆ ಕೂಗಿದೆ,
"ಸೆಲ್ವಿಯಕ್ಕಾ, ಒಲೆ ಆರಿಸಿ ಬಾ."

ಜಗ್ಗಾಟದಲ್ಲಿ ಬಸ್ಸು ಎರಡು ತುಂಡಾಯಿತು.
ಇನ್ನೊಂದರಲ್ಲಿ ಮಾವಿನ ಹಣ್ಣನ್ನು ಯಾರೋ ನೆಕ್ಕಿ
ಬಣ್ಣ ಬಿಳಿಚಿದೆ. ಚಂದ್ರನ ಮೇಲೆ ಸಾರು.
ಆರುಮುಗಣ್ಣ ಸಂಜೆ ಬಂದು ಕೂತ,
ಬಟ್ಟಲಲ್ಲಿ ಮೈದಾ ಅಂಟು,
ಗಿರಣಿ ನಿಂತ ವಾರ ಮನೆಗೆ ತಂದು
ಟ್ರಂಕಿನಲ್ಲಿ ಮುಚ್ಚಿಟ್ಟ ಕಟ್ಟಿನಿಂದ ಒಂದು ಹಾಳೆ.
ಉಗುರಿನಲ್ಲೇ ಎಳೆ ನೋಡಿ, ಅದೇ ದಿಕ್ಕಿಗೆ ಸೀಳಿ,
ಹರಿದಲ್ಲೆಲ್ಲ ಪಟ್ಟಿ ಕಟ್ಟಿದ,
ಗಾಯಕ್ಕೆ ಕಟ್ಟುವ ಹಾಗೆ. ಮಾತಾಡಲಿಲ್ಲ.
ಈಗ ಮೂಸಿದರೆ, ಬಸ್ಸಿನ ಪುಟದಲ್ಲಿ, ತೀರ ಸಣ್ಣಗೆ,
ಬಿದಿರು.

ಫೆಬ್ರವರಿಯಲ್ಲಿ ತಪಾಸಣೆ.
ಮೇಲ್ವಿಚಾರಕಿ ಎರಡು ಬೆರಳಲ್ಲಿ ಪುಸ್ತಕ ಎತ್ತಿ ಹಿಡಿದರು.
"ಏನ್ರೀ ಇದು? ಸ್ಥಿತಿಯಲ್ಲಿ 'ಹಾಳಾಗಿದೆ' ಅಂತ ಬರೀರಿ."
ಬರೆದೆ. ನೌಕರಿ ಬೇಕಲ್ಲ.
ಅವರು ಜೀಪು ಹತ್ತಿದ ಮೇಲೆ
ಪಕ್ಕದ ಖಾಲಿ ಕಲಮಿನಲ್ಲಿ, ನೀಲಿ ಪೆನ್ನಿನಲ್ಲಿ,
ಷರಾ:
ಇರುವೆ ಕ್ಷೇಮ.