ಹಿಂಗಾಜಿನ ಹೆಸರು

ಕುಮಾಸಿಯ ಸುವಾಮೆಯಲ್ಲಿ, ಎಂಜಿನ್ ಬಿಚ್ಚುವವರ ಬೀದಿಯಲ್ಲಿ
ಮೂವತ್ತೊಂದು ವರ್ಷದಿಂದ
ಟ್ರೋಟ್ರೋ ವ್ಯಾನುಗಳ ಬೆನ್ನಿಗೆ ಹೆಸರು ಬರೆಯುವವನು ನಾನು.
ಅಕ್ಷರಕ್ಕಿಷ್ಟು ಎಂದು ದರ.
ಅಕ್ಷರಕ್ಕೆ ಕೆಂಪು ನೆರಳು ಬೇಕಾದರೆ ಅದರ ಮೇಲೊಂದಿಷ್ಟು.

ಹೆಚ್ಚು ಬರೆದದ್ದು ಒಂದೇ: ಯೆಹೋವ ಯೀರೆ.
ಟಯರಿನ ಕಂತು ಬಾಕಿ ಉಳಿದವರು,
ಲೈಸೆನ್ಸಿನ ಅವಧಿ ತೀರಿದವರು,
ಬ್ರೇಕಿನ ಎಣ್ಣೆ ನಾಳೆ ಹಾಕಿಸೋಣ ಎಂದವರು,
ಎಲ್ಲರಿಗೂ ಅದೇ ಬೇಕು.
ಒದಗಿಸುತ್ತಾನೆ ಅಂತ ಅರ್ಥ, ಅನ್ನುತ್ತಿದ್ದರು,
ಸಾಲ ಕೊಡುವ ಅಂಗಡಿಯವನ ವಿಳಾಸ ಹೇಳುವ ಹಾಗೆ.

ನಮ್ಮ ಚರ್ಚಿನ ಮುದಿ ಪಾದ್ರಿ ಒಮ್ಮೆ ತಿದ್ದಿದರು:
ಮೂಲದಲ್ಲಿ ಅದು ಬರೀ 'ನೋಡುವನು' ಕಣಯ್ಯ.
ಬೆಟ್ಟ ಹತ್ತುವಾಗ ಸೌದೆ ಹೊತ್ತ ಹುಡುಗ ಕೇಳಿದ,
ಬೆಂಕಿ ಇದೆ, ಸೌದೆ ಇದೆ, ಕುರಿ ಎಲ್ಲಪ್ಪಾ?
ದೇವರು ನೋಡಿಕೊಳ್ಳುತ್ತಾನೆ ಮಗಾ, ಅಂದ ಅಪ್ಪ,
ಕತ್ತಿಯನ್ನು ಇನ್ನೊಂದು ಕೈಗೆ ಬದಲಿಸುತ್ತಾ.

ನಮ್ಮ ಮಾತಿನಲ್ಲೂ ಹಾಗೇ.
'ಹ್ವೆ' ಅಂದರೆ ನೋಡು.
'ಹ್ವೆ' ಅಂದರೆ ಹಸಿದವನಿಗೆ ಇಕ್ಕು, ಜ್ವರದ ಹಣೆ ಮುಟ್ಟು,
ರಾತ್ರಿ ಎದ್ದು ಬಾಗಿಲು ಹಾಕಿದೆಯೇ ಅಂತ ತಳ್ಳಿ ಬಾ.
ಕಣ್ಣಿಗೆ ಕೈ ಮೂಡಿದ ಮಾತು.

ಅಟ್ಟಕೋರನ ವ್ಯಾನಿಗೂ ನಾನೇ ಬರೆದಿದ್ದೆ.
ಮಗ ಕ್ವಾದ್ವೊ ಬಾಗಿಲಲ್ಲಿ ಜೋತು ಕೂಗುವವನು:
ಮಾಂಪೊಂಗ್, ಮಾಂಪೊಂಗ್, ಎರಡೇ ಸೀಟು!
ಮಾಂಪೊಂಗಿನ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟ ದಿನ
ಕೊಂಬು ಸಿಕ್ಕಿಸಿಕೊಂಡ ಟಗರು ಇರಲಿಲ್ಲ.
ಪೊದೆ ಮಾತ್ರ ಇತ್ತು.

ವರ್ಷದ ಕಾರ್ಯ ಮುಗಿದು
ಕೆಂಪು ಕಪ್ಪು ಬಟ್ಟೆ ಪೆಟ್ಟಿಗೆ ಸೇರಿದ ಮೇಲೆ
ತೇಪೆ ಹಾಕಿದ ವ್ಯಾನು ತಂದ,
ಹೊಸ ಹಿಂಗಾಜು ಹಾಕಿಸಿ, ಅದರ ಕಾಗದ ಕೂಡ ಕೀಳದೆ.
ಹೆಂಡತಿ ಪೊಕುವಾ ಹಳೆ ಟಯರಿನ ಮೇಲೆ ಕೂತಳು.
ನಾನು ನೆಲ ನೋಡುತ್ತಾ ಕೇಳಿದೆ,
'ನಿಧಾನವೇ ಪ್ರಧಾನ' ಅಂತ ಬರೆಯಲೇ? ಚೆನ್ನಾಗಿ ಕೂರುತ್ತದೆ.

ಅದೇ ಬರಿ, ಅಂದ.
ಆದರೆ ಕೆಳಗೆ ಅರ್ಥ ಬರೆಯಬೇಡ.

ಕುಂಚ ತೊಳೆಯುತ್ತಿದ್ದಾಗ ತಾನಾಗಿಯೇ ಹೇಳಿದ:
ಗಾಜಿನ ಮೇಲಿನ ಹೆಸರು ನನ್ನ ಕನ್ನಡಿಯಲ್ಲಿ ನೆಟ್ಟಗೇ ಕಾಣುತ್ತದೆ.
ಎಂಟು ವರ್ಷ ಓದಿಕೊಂಡೇ ಓಡಿಸಿದೆ,
ಒಂದು ಮೂಲೆಯಲ್ಲಿ ಹುಡುಗನ ಮೊಣಕೈ,
ಅದರ ಹಿಂದೆ ಆ ಹೆಸರು.
ಅವತ್ತು ಅವನು ಕೂಗಿದ.
ಕತ್ತು ತಿರುಗಿಸಿ ನೋಡಿದೆ.
ಹೆಸರು ಉಲ್ಟಾ ಆಗಿತ್ತು,
ಯಾರ ಭಾಷೆಯೂ ಅಲ್ಲದ ಹಾಗೆ.

ನೋಡಿಕೊಳ್ಳಲಿಲ್ಲ, ಅದು ನನಗೆ ಗೊತ್ತು.
ನೋಡಿದನೋ ಇಲ್ಲವೋ, ಅಷ್ಟು ಹೇಳಲಿ.
ನಾನೂ ಬಿಡುವವನಲ್ಲ, ಅವನನ್ನು ನೋಡಿಕೊಳ್ಳುತ್ತೇನೆ.
ಜಗಳಕ್ಕಾದರೂ ಹೆಸರು ಹಿಡಿದು ಕರೆಯಬೇಕಲ್ಲ,
ಅಳಿಸಿಬಿಟ್ಟರೆ ಯಾರನ್ನು ಕೂಗಲಿ?

ಸೀಮೆಸುಣ್ಣದ ದಾರ ಮಿಡಿದು ಗೆರೆ ಎಳೆದೆ.
ಕೈ ನಡುಗಿತು ಅಂತ ಹೇಳಬಹುದು, ನಡುಗಲಿಲ್ಲ.
ಬೆಟ್ಟದ ಮುದುಕ ಹೆಸರಿಟ್ಟದ್ದು
ಮಗನ ಕಟ್ಟು ಬಿಚ್ಚಿದ ಮೇಲೆ.
ಇವನು ಬಿಚ್ಚದ ಕಟ್ಟಿನ ಮೇಲೆಯೇ ಬರೆಸುತ್ತಿದ್ದಾನೆ.
ಇದಕ್ಕೆ ನಂಬಿಕೆ ಅನ್ನಬೇಕೋ ಬೇರೆ ಏನೋ,
ಪಾದ್ರಿ ತೀರಿಕೊಂಡಿದ್ದಾರೆ, ಕೇಳುವಂತಿಲ್ಲ.

ನೆರಳು ಬೇಡ, ಅಂದ.

ಅಲ್ಲಿಯವರೆಗೂ ಬಾಯಿ ಬಿಡದ ಪೊಕುವಾ
ಟಯರಿನಿಂದ ಏಳುತ್ತಾ ಒಂದೇ ಮಾತು ಕೇಳಿದಳು:
ಬ್ರೇಕು ನೋಡಿಸಿದೆಯಾ?
ಎರಡು ಸಲ ನೋಡಿಸಿದೆ, ಅಂದ.
ಅವಳು ಬಗ್ಗಿ, ಚಕ್ರದ ಸಂದಿಯಲ್ಲಿ,
ತನಗೇನೂ ತಿಳಿಯದ ಆ ಕಬ್ಬಿಣವನ್ನು
ಬಹಳ ಹೊತ್ತು ನೋಡಿದಳು.

ಬಣ್ಣ ಆರುವ ಮೊದಲೇ ಹೊರಟರು.
ಧೂಳು ಕೂತಿರಬೇಕು ಅಕ್ಷರಗಳ ಮೇಲೆ.
ಸಿಗ್ನಲ್ಲಿನ ತನಕ ಓದಲು ಬಂತು.
ಆಮೇಲೆ ಬರೀ ನೋಡುತ್ತಾ ನಿಂತೆ.